ಸೈಕೋ ಚಲನಚಿತ್ರದ ಛಾಯಾಗ್ರಹಣ ಮತ್ತು ಧ್ವನಿ

ಸೈಕೋ 1960ರಲ್ಲಿ ತೆರೆಕಂಡ, ಆಲ್ಫ್ರೆಡ್ ಹಿಚ್‌ಕಾಕ್ ನಿರ್ದೇಶನದ ಅಮೆರಿಕದ ಕಪ್ಪು-ಬಿಳುಪು ಚಲನಚಿತ್ರ. ರಾಬರ್ಟ್ ಬ್ಲಾಕ್ ಅವರು 1959ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಕಾದಂಬರಿಯನ್ನು ಆಧರಿಸಿ ಜೋಸೆಫ್ ಸ್ಟೆಫಾನೊ ಇದರ ಚಿತ್ರಕತೆ ಬರೆದರು. ಜಾನ್ ಎಲ್. ರಸೆಲ್ ಛಾಯಾಗ್ರಹಣ, ಜಾರ್ಜ್ ಟೊಮಾಸಿನಿ ಸಂಕಲನ ಮತ್ತು ಬರ್ನಾರ್ಡ್ ಹರ್ಮನ್ ಸಂಗೀತ ಸಂಯೋಜನೆ ಮಾಡಿದ್ದಾರೆ. ಕ್ಯಾಮೆರಾದ ಚಲನೆ, ಕೋನ, ಬೆಳಕು, ಸಂಗೀತ, ನೀರಿನ ಸದ್ದು, ಮೌನ ಇವು ಪ್ರೇಕ್ಷಕನ ಮನಸ್ಥಿತಿಯನ್ನು ಹೇಗೆ ರೂಪಿಸುತ್ತವೆ ಎಂಬುದನ್ನು ಅಭ್ಯಾಸ ಮಾಡುವ ಚಲನಚಿತ್ರ ವಿದ್ಯಾರ್ಥಿಗಳಿಗೆ ಈ ಚಿತ್ರವು ಅನೇಕ ದಶಕಗಳಿಂದ ಪಠ್ಯದಂತೆ ಬಳಕೆಯಾಗುತ್ತಿದೆ. ಚಿತ್ರದ ಈ ಎರಡು ಅಂಗಗಳನ್ನು ಕುರಿತದ್ದು ಈ ಲೇಖನ. ಕತೆಯ ರಹಸ್ಯವೂ ಇಲ್ಲಿ ಬಿಚ್ಚಿಕೊಳ್ಳುವುದರಿಂದ ಚಿತ್ರವನ್ನು ನೋಡದವರು ಮೊದಲು ನೋಡಿ ಬರುವುದು ಒಳ್ಳೆಯದು.

ಹಿನ್ನೆಲೆ

ಹಿಚ್‌ಕಾಕ್ ಇದಕ್ಕೆ ಮೊದಲು ನಾರ್ತ್ ಬೈ ನಾರ್ತ್‌ವೆಸ್ಟ್ (1959) ಎಂಬ ಅದ್ದೂರಿ ವರ್ಣಚಿತ್ರವನ್ನು ಮುಗಿಸಿದ್ದರು. ಸೈಕೋ ಅದಕ್ಕೆ ತೀರ ವಿರುದ್ಧವಾದ ಪ್ರಯೋಗ. ಸುಮಾರು 8 ಲಕ್ಷ ಡಾಲರ್‌ಗಳ ಸಣ್ಣ ವೆಚ್ಚದಲ್ಲಿ, ತಮ್ಮ ದೂರದರ್ಶನ ಸರಣಿಯಾದ 'ಆಲ್ಫ್ರೆಡ್ ಹಿಚ್‌ಕಾಕ್ ಪ್ರೆಸೆಂಟ್ಸ್'ನ ತಂತ್ರಜ್ಞರನ್ನೇ ಬಹುಪಾಲು ಬಳಸಿಕೊಂಡು ಅವರು ಇದನ್ನು ತಯಾರಿಸಿದರು. ಛಾಯಾಗ್ರಾಹಕ ರಸೆಲ್ ಆ ಸರಣಿಯಿಂದ ಬಂದವರು. ಹರ್ಮನ್, ಟೊಮಾಸಿನಿ ಮತ್ತು ಶೀರ್ಷಿಕೆ ವಿನ್ಯಾಸಕ ಸಾಲ್ ಬಾಸ್ ಮಾತ್ರ ಹಿಚ್‌ಕಾಕ್‌ರ ಹಿಂದಿನ ದೊಡ್ಡ ಚಿತ್ರಗಳಲ್ಲಿ ದುಡಿದವರು. ಚಿತ್ರೀಕರಣವು 1959ರ ನವೆಂಬರ್‌ನಲ್ಲಿ ಆರಂಭವಾಗಿ 1960ರ ಫೆಬ್ರವರಿ ಮೊದಲ ದಿನ ಮುಗಿಯಿತು.

ಕಪ್ಪು-ಬಿಳುಪನ್ನು ಆರಿಸಿಕೊಂಡದ್ದಕ್ಕೆ ಹಣದ ಉಳಿತಾಯ ಒಂದು ಕಾರಣ. ಬಣ್ಣದಲ್ಲಿ ಅಷ್ಟು ರಕ್ತವನ್ನು ತೋರಿಸಿದರೆ ಪ್ರೇಕ್ಷಕರು ಸಹಿಸಲಾರರೆಂಬುದು ಇನ್ನೊಂದು ಕಾರಣ. ತೆರೆಯ ಮೇಲೆ ರಕ್ತವಾಗಿ ಕಾಣುವುದು ವಾಸ್ತವದಲ್ಲಿ ಚಾಕೊಲೇಟ್ ಪಾಕ. ಬೂದುಬಣ್ಣದ ಛಾಯೆಗಳಲ್ಲಿ ಅದು ನಿಜವಾದ ರಕ್ತಕ್ಕಿಂತ ಹೆಚ್ಚು ನಂಬುವಂತೆ ಕಾಣುತ್ತಿತ್ತು.

ಅಚ್ಚರಿ ಮತ್ತು ಸಸ್ಪೆನ್ಸ್

ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೊ ಅವರೊಂದಿಗೆ ನಡೆಸಿದ, 1966ರಲ್ಲಿ ಪುಸ್ತಕವಾಗಿ ಬಂದ ಸಂವಾದದಲ್ಲಿ ಹಿಚ್‌ಕಾಕ್ ಅಚ್ಚರಿ ಹಾಗೂ ಸಸ್ಪೆನ್ಸ್‌ಗಳ ನಡುವಿನ ಭೇದವನ್ನು ಒಂದು ಉದಾಹರಣೆಯಿಂದ ವಿವರಿಸಿದ್ದಾರೆ. ಮೇಜಿನ ಸುತ್ತ ಕುಳಿತ ಕೆಲವರು ಸಾಮಾನ್ಯ ಮಾತುಕತೆಯಲ್ಲಿ ತೊಡಗಿರುವಾಗ ಮೇಜಿನಡಿಯ ಬಾಂಬು ಏಕಾಏಕಿ ಸಿಡಿದರೆ ಪ್ರೇಕ್ಷಕನಿಗೆ ದೊರೆಯುವುದು ಕೆಲವೇ ಕ್ಷಣಗಳ ಅಚ್ಚರಿ. ಬಾಂಬು ಅಲ್ಲಿದೆಯೆಂದು ಪ್ರೇಕ್ಷಕನಿಗೆ ಮೊದಲೇ ತಿಳಿದಿದ್ದರೆ ಅದೇ ನೀರಸ ಮಾತುಕತೆ ಉಸಿರು ಬಿಗಿಹಿಡಿಸುವ ಸಂಗತಿಯಾಗುತ್ತದೆ. ಎಂದರೆ ಸಸ್ಪೆನ್ಸ್ ಹುಟ್ಟುವುದು ತಿಳಿವಳಿಕೆಯಿಂದ, ಅಜ್ಞಾನದಿಂದಲ್ಲ.

ಸೈಕೋ ಚಿತ್ರದ ವಿಶೇಷವೆಂದರೆ ಅದು ಎರಡನ್ನೂ ಬಳಸುತ್ತದೆ. ಮೊದಲ ಕೊಲೆ ಬಹುಮಟ್ಟಿಗೆ ಅಚ್ಚರಿ. ಎರಡನೆಯದು ಸಸ್ಪೆನ್ಸ್, ಏಕೆಂದರೆ ಆ ಮನೆಯಲ್ಲಿ ಏನಿದೆಯೆಂದು ಅಷ್ಟು ಹೊತ್ತಿಗೆ ಪ್ರೇಕ್ಷಕನಿಗೆ ಗೊತ್ತಾಗಿದೆ (ಅಥವಾ ಗೊತ್ತಾಗಿದೆಯೆಂದು ಅವನು ಭಾವಿಸಿದ್ದಾನೆ). ಕ್ಯಾಮೆರಾ ಹಾಗೂ ಧ್ವನಿ ಈ ತಿಳಿವಳಿಕೆಯನ್ನು ಎಷ್ಟು ಕೊಡಬೇಕು, ಎಷ್ಟು ಬಚ್ಚಿಡಬೇಕು ಎಂಬುದನ್ನು ನಿರ್ಧರಿಸುವ ಸಾಧನಗಳಾಗಿವೆ.

ಇಣುಕುವ ಕ್ಯಾಮೆರಾ

ಚಿತ್ರದ ಹೆಚ್ಚಿನ ಭಾಗವನ್ನು 50 ಮಿಲಿಮೀಟರ್ ಮಸೂರದಿಂದ ಚಿತ್ರೀಕರಿಸಲಾಗಿದೆ. 35 ಮಿಲಿಮೀಟರ್ ಕ್ಯಾಮೆರಾದಲ್ಲಿ ಈ ಮಸೂರವು ಮನುಷ್ಯನ ಕಣ್ಣಿನ ಸಹಜ ನೋಟಕ್ಕೆ ಹತ್ತಿರವಾದ ಬಿಂಬವನ್ನು ಕೊಡುತ್ತದೆಂದು ಪರಿಗಣಿಸಲಾಗಿತ್ತು. ವಸ್ತುಗಳು ಅಸಹಜವಾಗಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಹೀಗಾಗಿ ಪ್ರೇಕ್ಷಕನಿಗೆ ತಾನು ಚಲನಚಿತ್ರವನ್ನು ನೋಡುತ್ತಿದ್ದೇನೆ ಎನ್ನುವುದಕ್ಕಿಂತ ಯಾರದೋ ಬದುಕಿನೊಳಗೆ ಇಣುಕುತ್ತಿದ್ದೇನೆ ಎಂಬ ಭಾವ ಬರುತ್ತದೆ.

ಈ ಇಣುಕುವಿಕೆ ಮೊದಲ ದೃಶ್ಯದಲ್ಲಿಯೇ ಆರಂಭವಾಗುತ್ತದೆ. ಅರಿಜೋನಾದ ಫೀನಿಕ್ಸ್ ನಗರದ ವಿಶಾಲ ನೋಟದಿಂದ ಹೊರಟ ಕ್ಯಾಮೆರಾ ಕಟ್ಟಡಗಳ ಮೇಲೆ ಹರಿದು, ಒಂದು ಹೋಟೆಲಿನ ಕಿಟಕಿಯನ್ನು ಹುಡುಕಿ, ಅರ್ಧ ಮುಚ್ಚಿದ ಪರದೆಯ ಕೆಳಗಿನಿಂದ ಕತ್ತಲೆಯ ಕೋಣೆಯೊಳಗೆ ನುಸುಳುತ್ತದೆ. ಹೆಲಿಕಾಪ್ಟರಿನಿಂದ ಒಂದೇ ಅಖಂಡ ಶಾಟ್ ಆಗಿ ತೆಗೆಯಬೇಕೆಂಬುದು ಹಿಚ್‌ಕಾಕ್‌ರ ಬಯಕೆಯಾಗಿತ್ತು. ಅಂದಿನ ತಂತ್ರಜ್ಞಾನದಲ್ಲಿ ಅದು ಕೈಗೂಡದೆ ಹಲವು ಶಾಟ್‌ಗಳನ್ನು ಒಂದರೊಳಗೊಂದು ಕರಗಿಸಿ ಜೋಡಿಸಲಾಯಿತು. ಊರು, ದಿನಾಂಕ, ಮಧ್ಯಾಹ್ನ 2 ಗಂಟೆ 43 ನಿಮಿಷ ಎಂಬ ಖಚಿತ ವೇಳೆ ತೆರೆಯ ಮೇಲೆ ಅಕ್ಷರಗಳಲ್ಲಿ ಬರುತ್ತವೆ. ಪತ್ತೇದಾರಿ ವರದಿಯ ಈ ನಿಖರತೆ ಮುಂದಿನ ಕತೆಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಆದರೆ ಯಾರೋ ಯಾರನ್ನೋ ಗಮನಿಸುತ್ತಿದ್ದಾರೆಂಬ ಶಂಕೆಯನ್ನು ಅದು ಬಿತ್ತಿಬಿಡುತ್ತದೆ.

ಕಚೇರಿಯ 40,000 ಡಾಲರ್‌ಗಳನ್ನು ಕದ್ದು ಓಡುವ ಮೇರಿಯನ್ ಕ್ರೇನ್ (ಜ್ಯಾನೆಟ್ ಲೀ) ಕಾರು ಓಡಿಸುವ ದೃಶ್ಯಗಳು ಸರಳತೆಯಿಂದಾಗಿ ಗಮನಾರ್ಹವಾಗಿವೆ. ಇಲ್ಲಿ ಇರುವುದು ಎರಡೇ ಬಗೆಯ ಶಾಟ್‌ಗಳು: ಎದುರಿನಿಂದ ತೆಗೆದ ಅವಳ ಮುಖದ ಕ್ಲೋಸ್‌ಅಪ್ ಮತ್ತು ಅವಳ ಕಣ್ಣಿಗೆ ಕಾಣುವ ರಸ್ತೆ. ಇವೆರಡೂ ಮತ್ತೆ ಮತ್ತೆ ಅದಲುಬದಲಾಗುತ್ತವೆ. ತನ್ನ ಕಳ್ಳತನ ಬಯಲಾದಾಗ ಯಜಮಾನ, ಹಣದ ಒಡೆಯ, ಕಾರು ಮಾರಿದವನು ಏನೇನು ಮಾತನಾಡಬಹುದೆಂದು ಅವಳು ಊಹಿಸುವ ಮಾತುಗಳು ಅವಳ ಮುಖದ ಮೇಲೆಯೇ ಕೇಳಿಬರುತ್ತವೆ. ಮಾತನಾಡುವವರು ಕಾಣುವುದಿಲ್ಲ. ಕತ್ತಲಾಗುತ್ತಿದ್ದಂತೆ ಎದುರಿನ ವಾಹನಗಳ ದೀಪಗಳು ಕಣ್ಣು ಕುಕ್ಕುತ್ತವೆ, ಮಳೆ ಸುರಿಯುತ್ತದೆ, ಗಾಜು ಒರೆಸುವ ವೈಪರ್‌ಗಳ ಬೀಸು ಪಿಟೀಲುಗಳ ಲಯದೊಂದಿಗೆ ಬೆರೆಯುತ್ತದೆ. ಕತೆಯ ದೃಷ್ಟಿಯಿಂದ ಇಲ್ಲಿ ನಡೆಯುವುದು ಒಬ್ಬ ಹೆಂಗಸು ಕಾರು ಓಡಿಸುವುದಷ್ಟೆ. ಧ್ವನಿಯನ್ನು ಪೂರ್ತಿ ಇಳಿಸಿ ಈ ಭಾಗವನ್ನು ನೋಡಿದರೆ ಭಯವೆಲ್ಲ ಎಲ್ಲಿಂದ ಬರುತ್ತಿತ್ತೆಂಬುದು ತಿಳಿಯುತ್ತದೆ.

ಪಾರ್ಲರ್‌ನ ಮಾತುಕತೆ

ಬೇಟ್ಸ್ ಮೋಟೆಲಿನ ಹಿಂಬದಿಯ ಕೋಣೆಯಲ್ಲಿ ಮೇರಿಯನ್ ಮತ್ತು ನಾರ್ಮನ್ ಬೇಟ್ಸ್ (ಆಂಟನಿ ಪರ್ಕಿನ್ಸ್) ನಡುವೆ ನಡೆಯುವ ಸಂಭಾಷಣೆ ಚಿತ್ರದ ಅತ್ಯಂತ ಸೂಕ್ಷ್ಮ ಭಾಗಗಳಲ್ಲೊಂದು. ಸ್ನಾನಗೃಹದ ದೃಶ್ಯಕ್ಕೆ ಸಿಕ್ಕ ಖ್ಯಾತಿಯ ಎದುರು ಇದು ಮರೆಯಾಗಿರುವುದು ಸರಿಯಲ್ಲ.

ಆರಂಭದಲ್ಲಿ ಇಬ್ಬರನ್ನೂ ಕಣ್ಣಿನ ಮಟ್ಟದಿಂದ, ಸಮಾನವಾಗಿ ತೋರಿಸಲಾಗುತ್ತದೆ. ಮೇರಿಯನ್ ದೀಪದ ಬಳಿ ಮೆದುವಾದ ಬೆಳಕಿನಲ್ಲಿದ್ದಾಳೆ. ನಾರ್ಮನ್‌ನ ಹಿಂದೆ ಗೋಡೆಯ ಮೇಲೆ ಅವನೇ ಹೊಟ್ಟು ತುಂಬಿ ನಿಲ್ಲಿಸಿದ ಹಕ್ಕಿಗಳಿವೆ. ಮಾತು ಬೆಳೆದಂತೆ ಅವನ ಕಡೆಯ ಕೋನ ಕೆಳಗಿಳಿಯುತ್ತದೆ. ಆಗ ರೆಕ್ಕೆ ಬಿಚ್ಚಿದ ಗೂಬೆಯೊಂದು ಅವನ ತಲೆಯ ಮೇಲೆ ಎರಗುವಂತೆ ಚೌಕಟ್ಟಿನೊಳಗೆ ಬರುತ್ತದೆ. ಪ್ರೇಕ್ಷಕನಿಗೆ ನಾರ್ಮನ್ ಇನ್ನೂ ನಾಚಿಕೆಯ, ಕನಿಕರ ಹುಟ್ಟಿಸುವ ಯುವಕನೇ. ಕ್ಯಾಮೆರಾಕ್ಕೆ ಮಾತ್ರ ಬೇರೇನೋ ತಿಳಿದಿದೆ.

ಈ ಮಾತುಕತೆಯ ಮೊದಲ ಭಾಗಕ್ಕೆ ಹಿನ್ನೆಲೆ ಸಂಗೀತವಿಲ್ಲ. ತಾಯಿಯನ್ನು ಎಲ್ಲಿಗಾದರೂ ಸೇರಿಸಬಾರದೇಕೆ ಎಂಬ ಸಲಹೆಯನ್ನು ಮೇರಿಯನ್ ಮುಂದಿಟ್ಟಾಗ ತಗ್ಗಿದ ಸ್ವರದಲ್ಲಿ ತಂತಿವಾದ್ಯಗಳು ಪ್ರವೇಶಿಸುತ್ತವೆ. ನಾರ್ಮನ್ ಮುಂದಕ್ಕೆ ಬಾಗುತ್ತಾನೆ, ಮುಖ ತೆರೆಯನ್ನು ತುಂಬುತ್ತದೆ. ಇಲ್ಲಿ ಕೇಳುವ ಮೂರು ಸ್ವರಗಳ ಒಂದು ಪುಟ್ಟ ಗುಚ್ಛ ಹುಚ್ಚಿನ ಸೂಚಕವಾಗಿ ಚಿತ್ರದಲ್ಲಿ ಮರಳಿ ಬರುತ್ತದೆ. ಹರ್ಮನ್ ತಮ್ಮ ಕೊನೆಯ ಸಂಯೋಜನೆಯಾದ ಟ್ಯಾಕ್ಸಿ ಡ್ರೈವರ್ (1976) ಚಿತ್ರದ ಮುಕ್ತಾಯದಲ್ಲಿಯೂ ಅದನ್ನೇ ನೆನಪಿಸಿದ್ದಾರೆ.

ಸ್ನಾನಗೃಹದ ದೃಶ್ಯ

ಮೇರಿಯನ್‌ಳ ಕೊಲೆಯ ದೃಶ್ಯವು ತೆರೆಯ ಮೇಲೆ ಸುಮಾರು ಮೂರು ನಿಮಿಷ ಇದೆ. ಇದನ್ನು ಚಿತ್ರೀಕರಿಸಲು 1959ರ ಡಿಸೆಂಬರ್‌ನಲ್ಲಿ ಏಳು ದಿನಗಳು ಬೇಕಾದವು. 78 ಕ್ಯಾಮೆರಾ ಜೋಡಣೆಗಳು ಮತ್ತು 52 ಕಟ್‌ಗಳು ಎಂಬುದು ಈ ದೃಶ್ಯದ ಬಗ್ಗೆ ಸಾಮಾನ್ಯವಾಗಿ ಉಲ್ಲೇಖವಾಗುವ ಲೆಕ್ಕ. 2017ರಲ್ಲಿ ಇದನ್ನೇ ಕುರಿತು ಬಂದ ಸಾಕ್ಷ್ಯಚಿತ್ರದ ಹೆಸರು ಕೂಡ ಈ ಎರಡು ಸಂಖ್ಯೆಗಳೇ ಆಗಿವೆ.

ದೃಶ್ಯವು ನೆಮ್ಮದಿಯಿಂದ ಆರಂಭವಾಗುತ್ತದೆ. ಕದ್ದ ಹಣವನ್ನು ಹಿಂದಿರುಗಿಸಲು ಮೇರಿಯನ್ ನಿರ್ಧರಿಸಿದ್ದಾಳೆ. ನೀರು ಬೀಳುವ ಸದ್ದಿನ ಹೊರತು ಬೇರೇನೂ ಇಲ್ಲ, ಸಂಗೀತವೂ ಇಲ್ಲ. ಶವರಿನ ತಲೆಯನ್ನು ನೇರ ಕೆಳಗಿನಿಂದ ತೋರಿಸುವ ಶಾಟಿನಲ್ಲಿ ನೀರು ಮಸೂರದ ಮೇಲೆ ಬೀಳದಂತೆ ಮಾಡಲು ಅದರ ಒಳಸುತ್ತಿನ ರಂಧ್ರಗಳನ್ನು ಮುಚ್ಚಿ, ಉದ್ದ ಮಸೂರದಿಂದ ದೂರದಲ್ಲಿ ನಿಂತು ಚಿತ್ರೀಕರಿಸಲಾಯಿತು. ಬಳಿಕ ಪಾರದರ್ಶಕ ಪರದೆಯ ಆಚೆ ಬಾಗಿಲು ತೆರೆದು ಒಂದು ನೆರಳು ಹತ್ತಿರ ಬರುತ್ತದೆ. ಮೇರಿಯನ್ ಆ ಕಡೆ ಬೆನ್ನು ಮಾಡಿದ್ದಾಳೆ. ಈ ಕೆಲವು ಕ್ಷಣಗಳಲ್ಲಿ ಪ್ರೇಕ್ಷಕನಿಗೆ ತಿಳಿದದ್ದು ಅವಳಿಗೆ ತಿಳಿದಿಲ್ಲ. ಎಚ್ಚರಿಸುವ ಸಂಗೀತವನ್ನೂ ಅವನಿಗೆ ಕೊಟ್ಟಿಲ್ಲ, ಅದೇ ನೀರು ಅದೇ ಸಮಗತಿಯಲ್ಲಿ ಸುರಿಯುತ್ತಲೇ ಇರುತ್ತದೆ. ಪರದೆ ಸರಕ್ಕನೆ ಸರಿದಾಗ ಮಾತ್ರ ಪಿಟೀಲುಗಳು ಕಿರುಚುತ್ತವೆ.

ಅಲ್ಲಿಂದ ಮುಂದೆ ಶಾಟ್‌ಗಳು ಒಂದೊಂದು ಸೆಕೆಂಡಿಗಿಂತಲೂ ಕಡಿಮೆ ಅವಧಿಯವಾಗುತ್ತವೆ. ಬಾಯಿ, ಕೈ, ಚೂರಿ, ನೀರು, ಹೊಟ್ಟೆ, ಪಾದ ಎಲ್ಲವೂ ಬಿಡಿಬಿಡಿಯಾಗಿ ತೀರ ಹತ್ತಿರದಿಂದ ಕಾಣುತ್ತವೆ. ಚೂರಿಯ ತುದಿ ಚರ್ಮಕ್ಕೆ ತಗುಲಿದಂತೆ ಕಾಣುವುದು ಒಂದು ಕ್ಷಣ ಮಾತ್ರ. ಇರಿತವೆಂದು ಪ್ರೇಕ್ಷಕ ನೆನಪಿಟ್ಟುಕೊಳ್ಳುವ ಉಳಿದದ್ದೆಲ್ಲ ಕಟ್‌ಗಳ ನಡುವಿನ ಅಂತರದಲ್ಲಿ ಅವನೇ ಕಲ್ಪಿಸಿಕೊಂಡದ್ದು. ಆ ಕಲ್ಪನೆಗೆ ಕಿವಿಯ ಸಾಕ್ಷ್ಯವನ್ನು ಒದಗಿಸುವುದು ಇರಿತದ ಸದ್ದು. ಇದಕ್ಕಾಗಿ ಹಲವು ಬಗೆಯ ಕರಬೂಜದ ಹಣ್ಣುಗಳನ್ನು ಚೂರಿಯಿಂದ ಇರಿದು ಕೇಳಿಸಲಾಯಿತೆಂದೂ ಹಿಚ್‌ಕಾಕ್ ಕಣ್ಣು ಮುಚ್ಚಿ ಕೇಳಿ ಕಸಾಬಾ ಎಂಬ ತಳಿಯನ್ನು ಆರಿಸಿದರೆಂದೂ ಹೇಳಲಾಗುತ್ತದೆ. ಪರ್ಕಿನ್ಸ್ ಆ ದಿನಗಳಲ್ಲಿ ನಾಟಕವೊಂದರ ತಾಲೀಮಿಗಾಗಿ ನ್ಯೂಯಾರ್ಕಿನಲ್ಲಿದ್ದರು. ಪರದೆಯ ಹಿಂದಿನ ಆಕೃತಿ ಬೇರೊಬ್ಬರದು.

ಕೊಲೆಗಾರ ಹೊರಟೊಡನೆ ಲಯ ಪೂರ್ತಿ ಬದಲಾಗುತ್ತದೆ. ಎತ್ತರದ ಕಿರುಚಾಟ ನಿಂತು, ಚೆಲ್ಲೊ ಹಾಗೂ ಡಬಲ್ ಬಾಸ್‌ಗಳ ಭಾರವಾದ ಸ್ವರಗಳು ನಿಧಾನವಾಗುತ್ತಿರುವ ಎದೆಬಡಿತದಂತೆ ಇಳಿಯುತ್ತವೆ. ಮೇರಿಯನ್ ಗೋಡೆಗೆ ಒರಗಿ ಜಾರುತ್ತಾಳೆ, ಚಾಚಿದ ಕೈ ಪರದೆಯನ್ನು ಹಿಡಿಯುತ್ತದೆ, ಉಂಗುರಗಳು ಒಂದೊಂದಾಗಿ ಕಿತ್ತುಬರುತ್ತವೆ. ಸಂಗೀತ ಮುಗಿದ ಮೇಲೆ ಮತ್ತೆ ನೀರು ಮಾತ್ರ. ಸ್ವಲ್ಪ ಹೊತ್ತಿಗೆ ಮುಂಚೆ ಶಾಂತಿಯ ಸದ್ದಾಗಿದ್ದ ಅದೇ ನೀರು ಈಗ ಸಹಿಸಲಾಗದಂತಿದೆ. ಧ್ವನಿಯೊಂದು ಒಂದಿಷ್ಟೂ ಬದಲಾಗದೆ ಅದರ ಅರ್ಥ ಮಾತ್ರ ತಲೆಕೆಳಗಾಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ನೀರು ಸುಳಿಯಾಗಿ ಇಳಿಯುವ ರಂಧ್ರವು ಮೇರಿಯನ್‌ಳ ನಿಶ್ಚಲ ಕಣ್ಣಿನೊಳಗೆ ಕರಗುತ್ತದೆ. ಕ್ಯಾಮೆರಾ ತಿರುಗುತ್ತ ಹಿಂದಕ್ಕೆ ಸರಿಯುತ್ತದೆ. ಚಿತ್ರದ ಅಂತಿಮ ಹಂತದಲ್ಲಿ, ಸತ್ತಿರಬೇಕಾದ ಲೀ ಅವರ ಮುಖದಲ್ಲಿ ಸಣ್ಣ ಚಲನೆಯೊಂದು ಉಳಿದುಬಿಟ್ಟಿದ್ದನ್ನು ಪತ್ತೆಹಚ್ಚಿದವರು ಹಿಚ್‌ಕಾಕ್‌ರ ಪತ್ನಿ ಅಲ್ಮಾ ರೆವಿಲ್ ಎಂಬುದು ಪ್ರಸಿದ್ಧ ಸಂಗತಿ. ನಂತರ ಕ್ಯಾಮೆರಾ ಶವವನ್ನು ಬಿಟ್ಟು ಪಕ್ಕದ ಕೋಣೆಗೆ ಹೋಗಿ, ಹಣವನ್ನು ಸುತ್ತಿಟ್ಟ ಪತ್ರಿಕೆಯನ್ನು ತೋರಿಸಿ, ಕಿಟಕಿಯಾಚೆಯ ಮನೆಯನ್ನು ನೋಡುತ್ತದೆ. ಅಲ್ಲಿಂದ ನಾರ್ಮನ್‌ನ ಚೀರಾಟ ಕೇಳುತ್ತದೆ. ನಾಯಕಿಯೇ ಇಲ್ಲವಾದ ಮೇಲೆ ಪ್ರೇಕ್ಷಕನನ್ನು ಕೈಹಿಡಿದು ಮುಂದಕ್ಕೆ ಕರೆದೊಯ್ಯಲು ಉಳಿದಿರುವುದು ಆ ಧ್ವನಿ ಮಾತ್ರ.

ಇದರ ಪರಿಣಾಮ ಕೆಸರಿನ ಹೊಂಡದ ದೃಶ್ಯದಲ್ಲಿ ಕಾಣುತ್ತದೆ. ಶವವನ್ನು ಹೊತ್ತ ಕಾರು ಮುಳುಗುತ್ತ ಮುಳುಗುತ್ತ ಅರ್ಧದಲ್ಲಿ ನಿಂತುಬಿಡುತ್ತದೆ. ನಾರ್ಮನ್ ಕಳವಳದಿಂದ ಸುತ್ತ ನೋಡುತ್ತಾನೆ. ಆ ಕ್ಷಣದಲ್ಲಿ ಕಾರು ಮುಳುಗಲಿ ಎಂದು ಪ್ರೇಕ್ಷಕನೂ ಬಯಸುತ್ತಾನೆ. ಅಪರಾಧವನ್ನು ಮುಚ್ಚಿಹಾಕುವವನ ಕಡೆಗೆ ಅವನ ಸಹಾನುಭೂತಿ ಇಷ್ಟು ಬೇಗ ಹೊರಳುವುದಕ್ಕೆ ಕಾರಣ ಕತೆಯಷ್ಟೇ ಅಲ್ಲ. ಶುಚಿಗೊಳಿಸುವ ಕೆಲಸವನ್ನು ಮಾತಿಲ್ಲದೆ, ಅವಸರವಿಲ್ಲದೆ, ನಾರ್ಮನ್‌ನ ಜೊತೆಯಲ್ಲಿಯೇ ಇದ್ದು ತೋರಿಸಿದ ಕ್ಯಾಮೆರಾದ ತಾಳ್ಮೆಯೂ ಕಾರಣ.

ಹರ್ಮನ್‌ರ ತಂತಿವಾದ್ಯಗಳು

ಸೈಕೋ ಸಂಗೀತದಲ್ಲಿ ತಂತಿವಾದ್ಯಗಳ ಹೊರತು ಬೇರೆ ವಾದ್ಯವಿಲ್ಲ. ಕೊಳಲಿಲ್ಲ, ಕಹಳೆಯಿಲ್ಲ, ಭಯದ ಚಿತ್ರಗಳಲ್ಲಿ ರೂಢಿಯಾಗಿದ್ದ ನಗಾರಿಯೂ ಇಲ್ಲ. ಕಪ್ಪು-ಬಿಳುಪು ಚಿತ್ರಕ್ಕೆ ಕಪ್ಪು-ಬಿಳುಪಿನ ನಾದ ಬೇಕೆಂಬುದು ಇದಕ್ಕೆ ಹರ್ಮನ್ ಕೊಟ್ಟ ಸಮರ್ಥನೆ. ಸಣ್ಣ ವೆಚ್ಚಕ್ಕೂ ಅದು ಹೊಂದಿಕೊಂಡಿತು. ನಾದವನ್ನು ತಗ್ಗಿಸಲು ವಾದ್ಯದ ಕುದುರೆಗೆ ಸಿಕ್ಕಿಸುವ ಮ್ಯೂಟ್ ಎಂಬ ಸಾಧನವನ್ನು ಅವರು ಚಿತ್ರದುದ್ದಕ್ಕೂ, ಪ್ರೇಮದ ಮತ್ತು ಸಾಮಾನ್ಯ ದೃಶ್ಯಗಳಲ್ಲಿಯೂ ಬಳಸಿ, ಕೊಲೆಯ ಸಂಗೀತದಲ್ಲಿ ಮಾತ್ರ ತೆಗೆಸಿದರು. ಅದುವರೆಗೆ ಅದುಮಿಟ್ಟಿದ್ದ ನಾದ ಅಲ್ಲಿ ಬೆತ್ತಲಾಗಿ ಹೊರಬೀಳುತ್ತದೆ. ಆ ಕಿರುಚಾಟ ಹಕ್ಕಿಯ ಕೂಗೋ, ಹೆಂಗಸಿನ ಚೀತ್ಕಾರವೋ, ಚೂರಿಯ ಬೀಸೋ ಎಂದು ಬಗೆಹರಿಸಲು ಆಗುವುದಿಲ್ಲ. ಗೋಡೆಯ ಮೇಲಿನ ಹಕ್ಕಿಗಳನ್ನು ನೆನೆದರೆ ಮೊದಲನೆಯ ಊಹೆಯೂ ದೂರದ್ದಲ್ಲ.

ಈ ಸಂಗೀತ ಇಲ್ಲದೆಯೇ ಹೋಗುವ ಸಾಧ್ಯತೆ ಇತ್ತು. ಸ್ನಾನಗೃಹದ ದೃಶ್ಯಕ್ಕೆ ಸಂಗೀತ ಬೇಡವೆಂದೇ ಹಿಚ್‌ಕಾಕ್ ಸೂಚಿಸಿದ್ದರು. ನೀರು, ಚೀತ್ಕಾರ ಮತ್ತು ಇರಿತದ ಸದ್ದುಗಳೇ ಸಾಕೆಂಬುದು ಅವರ ಎಣಿಕೆ. ಹರ್ಮನ್ ನಂತರ ಹೇಳಿಕೊಂಡಂತೆ, ಮೊದಲ ಜೋಡಣೆಯನ್ನು ನೋಡಿ ನಿರಾಶರಾದ ನಿರ್ದೇಶಕರು ಚಿತ್ರವನ್ನು ಒಂದು ಗಂಟೆಗೆ ಕತ್ತರಿಸಿ ದೂರದರ್ಶನಕ್ಕೆ ಕೊಡುವ ಯೋಚನೆಯಲ್ಲಿದ್ದರು. ಸೂಚನೆಯನ್ನು ಮೀರಿ ಬರೆದ ಸಂಗೀತವನ್ನು ಹರ್ಮನ್ ಕೇಳಿಸಿದಾಗ ಹಿಚ್‌ಕಾಕ್ ಕೂಡಲೆ ಒಪ್ಪಿಕೊಂಡರು. ಚಿತ್ರದ ಪರಿಣಾಮದಲ್ಲಿ ಸುಮಾರು ಮೂರನೆಯ ಒಂದು ಪಾಲು ಸಂಗೀತದ್ದೆಂದು ಅವರು ನಂತರ ಹೇಳಿದ್ದು ಪ್ರಸಿದ್ಧವಾಗಿದೆ.

ಸಸ್ಪೆನ್ಸ್ ಚಿತ್ರದಲ್ಲಿ ಸಂಗೀತ ಎಲ್ಲಿರಬೇಕು, ಎಲ್ಲಿರಬಾರದು ಎಂಬ ಪ್ರಶ್ನೆ ಭಾರತೀಯ ನಿರ್ದೇಶಕರಿಗೆ ಬೇರೆ ರೂಪದಲ್ಲಿ ಎದುರಾಗಿತ್ತು. ಹಾಡು ಬಂದೊಡನೆ ಬಿಗಿ ಸಡಿಲುತ್ತದೆಂಬುದು ಅವರ ತೊಡಕು. ತಮಿಳಿನ ಅಂದ ನಾಳ್ (1954), ಹಿಂದಿಯ ಕಾನೂನ್ (1960) ಮತ್ತು ಇತ್ತೆಫಾಕ್ (1969), ಕನ್ನಡದಲ್ಲಿ ಸುನಿಲ್ ಕುಮಾರ್ ದೇಸಾಯಿ ಅವರ ತರ್ಕ (1989) ಹಾಡುಗಳನ್ನೇ ಕೈಬಿಟ್ಟು ಇದಕ್ಕೆ ಉತ್ತರ ಕಂಡುಕೊಂಡವು.

ಮೆಟ್ಟಿಲುಗಳು

ಖಾಸಗಿ ಪತ್ತೇದಾರ ಆರ್ಬೊಗ್ಯಾಸ್ಟ್ (ಮಾರ್ಟಿನ್ ಬಾಲ್ಸಮ್) ಮನೆಯ ಮೆಟ್ಟಿಲು ಹತ್ತುವ ದೃಶ್ಯದ ಕೆಲವು ಶಾಟ್‌ಗಳನ್ನು ಹಿಚ್‌ಕಾಕ್ ಅಸ್ವಸ್ಥರಾಗಿದ್ದ ದಿನ ಸಾಲ್ ಬಾಸ್ ಅವರ ರೇಖಾಚಿತ್ರಗಳಂತೆ ತೆಗೆಯಲಾಗಿತ್ತು. ಕಂಬಿಯ ಮೇಲೆ ಜಾರುವ ಕೈ, ಮೆಟ್ಟಿಲೇರುವ ಪಾದಗಳು ಇತ್ಯಾದಿ. ನಿರ್ದೇಶಕರು ಅವನ್ನು ತೆಗೆದುಹಾಕಿದರು. ಬಿಡಿಬಿಡಿಯಾದ ಕ್ಲೋಸ್‌ಅಪ್‌ಗಳು ಹತ್ತುವವನನ್ನು ಸಂಚುಗಾರನಂತೆ ತೋರಿಸುತ್ತವೆ, ಆದರೆ ಇವನು ಅಪಾಯದ ಅರಿವಿಲ್ಲದ ಅಮಾಯಕ ಎಂಬುದು ಅವರ ವಾದ. ಒಂದೇ ಕ್ರಿಯೆಯನ್ನು ಹೇಗೆ ತುಂಡರಿಸಲಾಗಿದೆ ಎನ್ನುವುದರಿಂದ ಪಾತ್ರದ ನೈತಿಕ ಬಣ್ಣವೇ ಬದಲಾಗಬಲ್ಲದೆಂಬುದಕ್ಕೆ ಇದು ಒಳ್ಳೆಯ ಪಾಠ.

ಅಂತಿಮ ರೂಪದಲ್ಲಿ ಅವನು ಸರಳವಾಗಿ ಮೇಲೇರುತ್ತಾನೆ. ಮೇಲಿನ ಕೋಣೆಯ ಬಾಗಿಲು ನಿಧಾನವಾಗಿ ತೆರೆದು ನೆಲದ ಮೇಲೆ ಬೆಳಕಿನ ಸೀಳು ಹರಡುತ್ತದೆ. ತಟ್ಟನೆ ಕ್ಯಾಮೆರಾ ಛಾವಣಿಯ ಎತ್ತರದಿಂದ ನೇರ ಕೆಳಗೆ ನೋಡುತ್ತದೆ. ಈ ಎತ್ತರಕ್ಕೆ ಎರಡು ಪ್ರಯೋಜನಗಳನ್ನು ಹಿಚ್‌ಕಾಕ್ ಹೇಳಿದ್ದಾರೆ: 'ತಾಯಿ'ಯ ಮುಖ ಕಾಣದಿದ್ದರೂ ಅದನ್ನು ಬಚ್ಚಿಡಲಾಗುತ್ತಿದೆ ಎಂಬ ಸಂಶಯ ಬರುವುದಿಲ್ಲ, ಜೊತೆಗೆ ಆಕೃತಿಗಳು ಪುಟ್ಟದಾಗಿ ಕಾಣುವ ಈ ಶಾಟಿನಿಂದ ಆರ್ಬೊಗ್ಯಾಸ್ಟ್‌ನ ಸೀಳಿದ ಮುಖದ ದೊಡ್ಡ ಕ್ಲೋಸ್‌ಅಪ್‌ಗೆ ಹಾರಿದಾಗ ಗಾತ್ರದ ವ್ಯತ್ಯಾಸವೇ ಹೊಡೆತದಂತೆ ಬೀಳುತ್ತದೆ. ಸ್ನಾನಗೃಹದ ಕಿರುಚಾಟ ಇಲ್ಲಿ ಮತ್ತೆ ಬರುತ್ತದೆ. ಅದನ್ನು ಒಮ್ಮೆ ಕೇಳಿದ ಪ್ರೇಕ್ಷಕನಿಗೆ ಮೊದಲ ಸ್ವರವೇ ಸಾಕು.

ಸ್ವಲ್ಪ ಸಮಯದ ಬಳಿಕ ನಾರ್ಮನ್ ತಾಯಿಯನ್ನು ನೆಲಮಾಳಿಗೆಗೆ ಹೊತ್ತೊಯ್ಯುವಾಗ ಕ್ಯಾಮೆರಾ ಅವನ ಹಿಂದೆ ಮೆಟ್ಟಿಲೇರಿ, ಬಾಗಿಲಿನ ಹೊರಗೇ ನಿಂತು, ಕಟ್ ಇಲ್ಲದೆ ಛಾವಣಿಯವರೆಗೆ ಏರಿ ತಿರುಗುತ್ತದೆ. ಆ ಅವಧಿಯಲ್ಲಿ ಒಳಗಿನಿಂದ ತಾಯಿ-ಮಗನ ಜಗಳ ಕೇಳುತ್ತಿರುತ್ತದೆ. ಪ್ರೇಕ್ಷಕ ಜಗಳಕ್ಕೆ ಕಿವಿಗೊಟ್ಟಿರುವುದರಿಂದ ಕ್ಯಾಮೆರಾ ಏಕೆ ಮೇಲೇರುತ್ತಿದೆ ಎಂದು ಕೇಳಿಕೊಳ್ಳುವುದಿಲ್ಲ.

ತಾಯಿಯ ಧ್ವನಿ

ಆ ಜಗಳದ ಒಂದು ಧ್ವನಿಗೆ ದೇಹವಿಲ್ಲ. ಚಿತ್ರದಲ್ಲಿ ಕೇಳುವ ತಾಯಿಯ ಮಾತುಗಳು ವರ್ಜೀನಿಯಾ ಗ್ರೆಗ್, ಜೀನೆಟ್ ನೋಲನ್ ಮತ್ತು ಪಾಲ್ ಜಾಸ್ಮಿನ್ ಎಂಬ ಮೂವರ ಕಂಠಗಳಿಂದ ಬಂದವು. ಅವುಗಳಲ್ಲಿ ಒಂದು ಗಂಡಸಿನದು. ಮೂರನ್ನೂ ಬೆರೆಸಿದ್ದರಿಂದ ಕೇಳುವವನಿಗೆ ವಯಸ್ಸು, ಲಿಂಗ, ದೂರ ಯಾವುದೂ ಖಚಿತವಾಗುವುದಿಲ್ಲ. ಫ್ರೆಂಚ್ ವಿಮರ್ಶಕ ಮಿಶೆಲ್ ಶಿಯೊನ್ ಅವರು ಮೂಲ ಕಾಣದ ಧ್ವನಿಗೆ ಚಲನಚಿತ್ರದಲ್ಲಿರುವ ವಿಶೇಷ ಅಧಿಕಾರವನ್ನು ಚರ್ಚಿಸುವಾಗ ಈ ತಾಯಿಯನ್ನು ಮುಖ್ಯ ನಿದರ್ಶನವಾಗಿ ಬಳಸಿಕೊಂಡಿದ್ದಾರೆ. ಸಾಮಾನ್ಯವಾಗಿ ಇಂಥ ಧ್ವನಿಗೆ ಕೊನೆಯಲ್ಲಿ ಮುಖ ದೊರೆತು ಅದರ ಬಲ ಕುಗ್ಗುತ್ತದೆ. ಇಲ್ಲಿ ನೆಲಮಾಳಿಗೆಯಲ್ಲಿ ತೂಗಾಡುವ ಬಲ್ಬಿನ ಬೆಳಕಿನಲ್ಲಿ ದೊರೆಯುವುದು ಒಣಗಿದ ಶವದ ಮುಖ, ಅದಕ್ಕೆ ಧ್ವನಿಯಿಲ್ಲ. ಧ್ವನಿ ಕಡೆಗೆ ನೆಲೆಸುವುದು ಕಂಬಳಿ ಹೊದ್ದು ಕುಳಿತ ನಾರ್ಮನ್‌ನ ಮುಚ್ಚಿದ ತುಟಿಗಳ ಹಿಂದೆ.

ಸ್ವೀಕಾರ ಮತ್ತು ನಂತರ

ಬಿಡುಗಡೆಯಾದಾಗ ವಿಮರ್ಶೆಗಳು ಮಿಶ್ರವಾಗಿದ್ದವು. ಗಳಿಕೆ ಮಾತ್ರ ಭಾರಿ ಪ್ರಮಾಣದ್ದಾಗಿತ್ತು. ಚಿತ್ರ ಆರಂಭವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂಬ ನಿಯಮವನ್ನು ಚಿತ್ರಮಂದಿರಗಳಲ್ಲಿ ಜಾರಿಗೊಳಿಸಲಾಯಿತು. ನಿರ್ದೇಶನ, ಪೋಷಕ ನಟಿ, ಕಪ್ಪು-ಬಿಳುಪು ಛಾಯಾಗ್ರಹಣ ಮತ್ತು ಕಪ್ಪು-ಬಿಳುಪು ಕಲಾ ನಿರ್ದೇಶನಕ್ಕೆ ಆಸ್ಕರ್ ನಾಮನಿರ್ದೇಶನಗಳು ದೊರೆತವು, ಪ್ರಶಸ್ತಿ ಯಾವುದೂ ಬರಲಿಲ್ಲ. ಹರ್ಮನ್‌ರ ಸಂಗೀತಕ್ಕೆ ನಾಮನಿರ್ದೇಶನವೂ ಇರಲಿಲ್ಲ. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಈ ಚಿತ್ರವನ್ನು ಸೇರಿಸಲಾಯಿತು.

ಹಿಚ್‌ಕಾಕ್ ಮುಂದಿನ ಚಿತ್ರವಾದ ದಿ ಬರ್ಡ್ಸ್ (1963)ನಲ್ಲಿ ರೂಢಿಯ ಹಿನ್ನೆಲೆ ಸಂಗೀತವನ್ನೇ ಬಿಟ್ಟು, ಟ್ರೌಟೋನಿಯಂ ಎಂಬ ವಿದ್ಯುನ್ಮಾನ ವಾದ್ಯದಿಂದ ಹಕ್ಕಿಗಳ ಸದ್ದನ್ನು ಸೃಷ್ಟಿಸಿದರು. ಹರ್ಮನ್ ಅಲ್ಲಿ ಧ್ವನಿ ಸಲಹೆಗಾರರಾಗಿದ್ದರು. ಇಬ್ಬರ ಸಂಬಂಧ ಮುರಿದದ್ದು ಟಾರ್ನ್ ಕರ್ಟನ್ (1966) ಸಂದರ್ಭದಲ್ಲಿ. ಅಲ್ಲಿಯೂ ಒಂದು ಕೊಲೆಯ ದೃಶ್ಯಕ್ಕೆ ಸಂಗೀತ ಬೇಡವೆಂದು ನಿರ್ದೇಶಕರು ಹೇಳಿದ್ದರು, ಅಲ್ಲಿಯೂ ಹರ್ಮನ್ ಬರೆದರು. ಈ ಬಾರಿ ಅವರನ್ನು ಚಿತ್ರದಿಂದ ತೆಗೆಯಲಾಯಿತು. ಬೇರೊಬ್ಬ ಸಂಯೋಜಕರೊಂದಿಗೆ ಪೂರ್ಣಗೊಂಡ ಆ ಚಿತ್ರದಲ್ಲಿ ಕೊಲೆಯು ಸಂಗೀತವಿಲ್ಲದೆಯೇ ನಡೆಯುತ್ತದೆ.